ಬಿಸಿಲಿನ ಸಾಗುವಳಿ: ಸೂರ್ಯಶಕ್ತಿಯ ಸಂಗ್ರಹವೂ ಅದರಲ್ಲಿ ಬಂಡವಾಳ ಹೂಡುವ ವಿಚಾರವೂ

ಕರ್ನಾಟಕದ ಮೈದಾನ ಸೀಮೆಯ ರೈತರಿಗೆ ಮಳೆಯ ಕೊರತೆ ಹೊಸದಲ್ಲ. ಬಿಸಿಲಿನ ಕೊರತೆ ಮಾತ್ರ ಎಂದೂ ಆದುದಿಲ್ಲ. ಪೈರನ್ನು ಒಣಗಿಸುವ ಈ ಬಿಸಿಲನ್ನೇ ಒಂದು ಉತ್ಪನ್ನವನ್ನಾಗಿ ಹಿಡಿದು, ಅದರಿಂದ ನೀರೆತ್ತುವುದಕ್ಕೂ ಹಣ ಪಡೆಯುವುದಕ್ಕೂ ಸಾಧ್ಯವೆಂಬುದು ಈಗ ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಹರಿಯುವ ನೀರಿನಲ್ಲಿ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹಿಡಿದು ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ನಾಡಿನಲ್ಲಿ ಇಂತಹ ಕಾರ್ಯವು ಅಪರಿಚಿತವೆನ್ನುವಂತಿಲ್ಲ. ಆದರೆ ಅಂದು ಶಕ್ತಿಯ ಮೂಲವು ನದಿಯಾಗಿದ್ದು, ಕೆಲಸವು ಸರ್ಕಾರದ್ದಾಗಿತ್ತು. ಇಂದು ಶಕ್ತಿಯು ಬೀಳುವುದು ರೈತನ ಹೊಲದ ಮೇಲೆ. ಆದುದರಿಂದ ಲಾಭನಷ್ಟಗಳ ಲೆಕ್ಕವನ್ನು ಹೊಲದ ಒಡೆಯನೇ ಹಾಕಬೇಕಾಗಿದೆ. ಈ ಲೆಕ್ಕವನ್ನು ಹಾಕದೆ ಕಾಗದಕ್ಕೆ ರುಜು ಮಾಡಿದವರು ಒಂದು ತಲೆಮಾರಿನವರೆಗೆ ಅದರ ಫಲವನ್ನು ಉಣ್ಣಬೇಕಾಗುವುದು.

ಬಿಸಿಲು ವಿದ್ಯುತ್ತಾಗುವ ಬಗೆ

ಬೆಳಕು ಕೆಲವು ವಸ್ತುಗಳ ಮೇಲೆ ಬಿದ್ದಾಗ ವಿದ್ಯುತ್ಪ್ರವಾಹವು ಹುಟ್ಟುವುದೆಂಬುದನ್ನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕ್ವೆರೆಲ್ ಎಂಬ ವಿಜ್ಞಾನಿಯು ೧೮೩೯ರಲ್ಲಿಯೇ ಕಂಡುಹಿಡಿದನು. ಆದರೆ ಬಳಕೆಗೆ ಯೋಗ್ಯವಾದ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದುದು ೧೯೫೪ರಲ್ಲಿ. ಅಂದು ಬಿದ್ದ ಬಿಸಿಲಿನ ಶೇಕಡ ೬ರಷ್ಟು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದಿನ ಮಾರುಕಟ್ಟೆಯ ಫಲಕಗಳಲ್ಲಿ ಶೇಕಡ ೨೦ಕ್ಕೂ ಮೀರಿ ಆಗುತ್ತದೆ.

ನಡುಹಗಲಿನ ಸ್ವಚ್ಛವಾದ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು ೧,೦೦೦ ವಾಟ್ ಶಕ್ತಿಯನ್ನು ಸುರಿಸುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ವರ್ಷದ ಸರಾಸರಿಯಲ್ಲಿ ದಿನವೊಂದಕ್ಕೆ ಚದರ ಮೀಟರಿಗೆ ಸುಮಾರು ೫ ಯೂನಿಟ್ ಬಿಸಿಲು ಬೀಳುವುದು. ಇದರಲ್ಲಿ ಐದನೆಯ ಒಂದು ಪಾಲು ವಿದ್ಯುತ್ತಾಗಿ, ಧೂಳು, ಶಾಖ ಮತ್ತು ತಂತಿಗಳಲ್ಲಿ ಆಗುವ ನಷ್ಟವನ್ನು ಕಳೆದರೆ, ಒಂದು ಚದರ ಮೀಟರಿಗೆ ದಿನಕ್ಕೆ ಮುಕ್ಕಾಲು ಯೂನಿಟ್ಟಿಗೆ ತುಸು ಮೇಲಾಗಿ ಉಳಿಯುವುದು. ಒಂದು ಕಿಲೋವಾಟ್ ಫಲಕವು ದಿನಕ್ಕೆ ೪ ಯೂನಿಟ್, ವರ್ಷಕ್ಕೆ ೧,೪೦೦ರಿಂದ ೧,೬೦೦ ಯೂನಿಟ್ ಕೊಡುವುದೆಂದು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭವಾಗುತ್ತವೆ.

ಬಿಸಿಲು ಹೆಚ್ಚಿದಷ್ಟೂ ಫಲವು ಹೆಚ್ಚುವುದೆಂಬ ತಿಳಿವಳಿಕೆಯು ಪೂರ್ಣ ಸರಿಯಲ್ಲ. ಫಲಕಕ್ಕೆ ಬೇಕಾದುದು ಬೆಳಕು. ಶಾಖವು ಅದಕ್ಕೆ ಶತ್ರು. ಬೇಸಗೆಯಲ್ಲಿ ಕೋಶವು ೬೦ ಡಿಗ್ರಿಯವರೆಗೆ ಕಾದಾಗ ಉತ್ಪತ್ತಿಯು ಎಂಟನೆಯ ಒಂದು ಪಾಲಿನಷ್ಟು ಇಳಿಯುವುದು. ಆದಕಾರಣ ಫಲಕಗಳ ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ, ದಕ್ಷಿಣಕ್ಕೆ ಮುಖ ಮಾಡಿ, ಆಯಾ ಊರಿನ ಅಕ್ಷಾಂಶಕ್ಕೆ ಸಮೀಪವಾಗಿ ೧೨ರಿಂದ ೧೮ ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸತಕ್ಕದ್ದು. ಒಂದೇ ಸಾಲಿನಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಮರದ ನೆರಳು ಬಿದ್ದರೂ ಇಡೀ ಸಾಲಿನ ಪ್ರವಾಹವು ಕುಗ್ಗುವುದು. ಫಲಕಗಳು ೨೫ ವರ್ಷ ಬಾಳುವುವೆಂದು ಎಣಿಕೆಯಿದ್ದು, ವರ್ಷಕ್ಕೆ ಶೇಕಡ ಅರ್ಧದಷ್ಟು ಶಕ್ತಿಯು ಕ್ರಮೇಣ ಕುಂದುತ್ತದೆ.

ಬೆಲೆಯ ಇಳಿತ ಮತ್ತು ಬೆಳವಣಿಗೆ

೨೦೧೦ರ ಜನವರಿಯಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಸೌರ ಅಭಿಯಾನವನ್ನು ಆರಂಭಿಸಿದಾಗ ಸೌರವಿದ್ಯುತ್ತಿನ ಬೆಲೆಯು ಯೂನಿಟ್ಟಿಗೆ ಹತ್ತು ರೂಪಾಯಿಗಳಿಗೂ ಮೇಲಿತ್ತು. ೨೦೧೭ರಲ್ಲಿ ರಾಜಸ್ಥಾನದ ಭಡ್ಲಾ ಎಂಬಲ್ಲಿ ನಡೆದ ಹರಾಜಿನಲ್ಲಿ ಅದು ೨ ರೂಪಾಯಿ ೪೪ ಪೈಸೆಗೆ ಇಳಿಯಿತು. ೨೦೨೦ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ೧ ರೂಪಾಯಿ ೯೯ ಪೈಸೆಯಾಯಿತು. ೨೦೨೫ರ ಆರಂಭದಲ್ಲಿ ದೇಶದ ಒಟ್ಟು ಸೌರಸ್ಥಾಪನೆಯು ಒಂದು ಲಕ್ಷ ಮೆಗಾವಾಟನ್ನು ದಾಟಿತು.

ಈ ಅಂಕಿಗಳಿಂದ ಎರಡು ಪಾಠಗಳು ಹೊರಡುತ್ತವೆ. ಫಲಕಗಳು ಅಗ್ಗವಾದುದರಿಂದ ಸಾಮಾನ್ಯ ಹಿಡುವಳಿದಾರನಿಗೂ ಅವು ಕೈಗೆಟುಕುವಂತಾಗಿವೆಯೆಂಬುದು ಮೊದಲನೆಯದು. ವಿದ್ಯುತ್ತಿನ ಬೆಲೆಯೂ ಅದರೊಂದಿಗೆ ಇಳಿದಿರುವುದರಿಂದ, ಮಾರುವುದಕ್ಕಾಗಿ ವಿದ್ಯುತ್ತನ್ನು ಬೆಳೆಯುವವನ ಲಾಭವು ತೆಳುವಾಗಿದೆಯೆಂಬುದು ಎರಡನೆಯದು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಮರೆಮಾಚುವ ಮಧ್ಯಸ್ಥರ ಮಾತನ್ನು ನಂಬಬಾರದು.

ಭೂಮಾಲೀಕನಿಗೆ ತೆರೆದಿರುವ ದಾರಿಗಳು ಮುಖ್ಯವಾಗಿ ಮೂರು: ತನ್ನ ಪಂಪಿಗೆ ಸೌರಶಕ್ತಿಯನ್ನು ಬಳಸುವುದು, ಜಮೀನನ್ನು ಗುತ್ತಿಗೆಗೆ ಕೊಡುವುದು, ತಾನೇ ಬಂಡವಾಳ ಹೂಡಿ ವಿದ್ಯುತ್ತನ್ನು ಮಾರುವುದು.

ನೀರೆತ್ತುವ ಸೌರಪಂಪು

೫ ಅಶ್ವಶಕ್ತಿಯ ಪಂಪಿಗೆ ಸುಮಾರು ೫ ಕಿಲೋವಾಟಿನ ಫಲಕಗಳು ಬೇಕು. ಇವುಗಳ ಮೇಲ್ಮೈ ೨೫ ಚದರ ಮೀಟರ್. ಓಡಾಡುವ ಜಾಗವನ್ನು ಸೇರಿಸಿದರೂ ಅರ್ಧ ಗುಂಟೆ ಸಾಕು. ದಿನಕ್ಕೆ ದೊರೆಯುವ ೨೦ ಯೂನಿಟ್ಟಿನಲ್ಲಿ ಪಂಪು ಮತ್ತು ಮೋಟಾರುಗಳ ನಷ್ಟ ಕಳೆದು ಶೇಕಡ ೪೦ರಷ್ಟು ನೀರೆತ್ತುವುದಕ್ಕೆ ಒದಗಿದರೆ, ೨೦೦ ಅಡಿ ಆಳದಿಂದ ಸುಮಾರು ೪೮,೦೦೦ ಲೀಟರ್ ನೀರು ಬರುವುದು. ಇದು ಒಂದು ಎಕರೆಯ ಮೇಲೆ ಅರ್ಧ ಅಂಗುಲದಷ್ಟು ನಿಲ್ಲುವ ನೀರು. ಆಳವು ೪೦೦ ಅಡಿಯಾದರೆ ನೀರು ಅರ್ಧಕ್ಕೆ ಇಳಿಯುವುದು. ಪಂಪನ್ನು ಕೊಳ್ಳುವ ಮುನ್ನ ಬಾವಿಯ ಆಳವನ್ನೂ ಇಳುವರಿಯನ್ನೂ ಅಳೆಯಬೇಕೆಂಬುದಕ್ಕೆ ಇದೇ ಕಾರಣ.

ಡೀಸೆಲ್ ಎಂಜಿನಿನಿಂದ ನೀರೆತ್ತುವವರಿಗೆ ಇದರ ಲಾಭವು ಸ್ಪಷ್ಟ. ೫ ಅಶ್ವಶಕ್ತಿಯ ಎಂಜಿನು ಗಂಟೆಗೆ ಒಂದು ಲೀಟರಿಗೆ ಕಡಿಮೆಯಿಲ್ಲದೆ ಎಣ್ಣೆ ಕುಡಿಯುವುದು. ದಿನಕ್ಕೆ ೫ ಗಂಟೆಯಂತೆ ವರ್ಷದಲ್ಲಿ ೧೫೦ ದಿನ ನಡೆದರೆ ೭೫೦ ಲೀಟರ್. ಲೀಟರಿಗೆ ೯೦ ರೂಪಾಯಿ ಹಿಡಿದರೆ ೬೭,೫೦೦ ರೂಪಾಯಿ. ಸೌರಪಂಪಿನ ಒಟ್ಟು ಬೆಲೆಯನ್ನು ಮೂರೂವರೆ ಲಕ್ಷವೆಂದಿಟ್ಟುಕೊಂಡರೆ, ಸಹಾಯಧನವಿಲ್ಲದಿದ್ದರೂ ಸುಮಾರು ಐದು ವರ್ಷಗಳ ಎಣ್ಣೆಯ ಖರ್ಚಿನಲ್ಲಿ ಅದು ತೀರುವುದು. ೨೦೧೯ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಮೂಲ ನಿಯಮದಂತೆ ಕೇಂದ್ರವು ಶೇಕಡ ೩೦, ರಾಜ್ಯವು ಶೇಕಡ ೩೦, ರೈತನು ಶೇಕಡ ೪೦ ಭರಿಸತಕ್ಕದ್ದಾಗಿತ್ತು. ಆ ಪ್ರಮಾಣದಲ್ಲಿ ರೈತನ ಪಾಲು ೧ ಲಕ್ಷ ೪೦ ಸಾವಿರವಾಗಿ, ಎರಡು ವರ್ಷಗಳಿಗೆ ತುಸು ಮೇಲೆ ತೀರುವುದು.

ಆದರೆ ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ೨೦೦೮ರಿಂದ ಉಚಿತವಾಗಿ ವಿದ್ಯುತ್ತನ್ನು ಕೊಡಲಾಗಿರುವುದರಿಂದ, ತಂತಿಯ ಸಂಪರ್ಕವುಳ್ಳ ರೈತನಿಗೆ ಹಣದ ಉಳಿತಾಯವು ಈ ಬಗೆಯದಲ್ಲ. ಅವನಿಗೆ ದೊರೆಯುವ ಲಾಭವು ಬೇರೆ: ರಾತ್ರಿಯಲ್ಲಿ ಹೊಲಕ್ಕೆ ಹೋಗಿ ನೀರು ಕಟ್ಟುವ ಅಪಾಯವು ತಪ್ಪುವುದು, ವೋಲ್ಟೇಜು ಕುಸಿದು ಮೋಟಾರು ಸುಡುವುದು ನಿಲ್ಲುವುದು, ನೀರು ಬೇಕಾದ ಹೊತ್ತಿಗೆ ಶಕ್ತಿಯು ಕೈಯಲ್ಲಿರುವುದು.

ಅಂತರ್ಜಲದ ಎಚ್ಚರಿಕೆ

ಶಕ್ತಿಗೆ ಬೆಲೆಯಿಲ್ಲದಿದ್ದರೆ ನೀರಿಗೂ ಬೆಲೆಯಿಲ್ಲವೆಂಬ ಭಾವನೆಯು ಹುಟ್ಟುವುದು ಸ್ವಾಭಾವಿಕ. ಬಿಸಿಲಿರುವಷ್ಟು ಹೊತ್ತೂ ಪಂಪು ನಡೆದರೆ, ನೂರು ಫಲಕಗಳು ಕೂಡಿ ಒಂದೇ ನೀರಿನ ಪೊರೆಯನ್ನು ಬರಿದು ಮಾಡುವುವು. ಆಗ ಫಲಕಗಳು ಉಳಿದರೂ ಕೊಳವೆಬಾವಿಗಳು ಉಳಿಯುವುದಿಲ್ಲ. ಸಾಲ ಮಾಡಿ ಕೊಂಡ ಪಂಪು ಒಣಬಾವಿಯ ಮೇಲೆ ನಿಲ್ಲುವ ದಿನವನ್ನು ತಪ್ಪಿಸುವುದು ಒಬ್ಬ ರೈತನ ಕೈಯಲ್ಲಿಲ್ಲ. ಗ್ರಾಮದವರೆಲ್ಲ ಒಟ್ಟಾಗಿ ಮಾಡಬೇಕಾದ ಕೆಲಸವದು.

ಇದಕ್ಕೆ ಒಂದು ಉಪಾಯವನ್ನು ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಗ್ರಾಮದವರು ತೋರಿಸಿಕೊಟ್ಟಿದ್ದಾರೆ. ಅಲ್ಲಿ ೨೦೧೫ರಲ್ಲಿ ಆರು ಮಂದಿ ರೈತರು ಅಂತಾರಾಷ್ಟ್ರೀಯ ಜಲನಿರ್ವಹಣಾ ಸಂಸ್ಥೆಯ ನೆರವಿನಿಂದ ಸೌರಪಂಪುಗಳ ಸಹಕಾರ ಸಂಘವನ್ನು ಕಟ್ಟಿಕೊಂಡರು. ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಯೂನಿಟ್ಟಿಗೆ ೪ ರೂಪಾಯಿ ೬೩ ಪೈಸೆಯಂತೆ ೨೫ ವರ್ಷಗಳವರೆಗೆ ಕೊಳ್ಳುವುದಾಗಿ ವಿದ್ಯುತ್ ಕಂಪನಿಯು ಒಪ್ಪಂದ ಮಾಡಿಕೊಂಡಿತು. ನೀರನ್ನು ಅನವಶ್ಯಕವಾಗಿ ಎತ್ತಿದರೆ ಹಣವು ಕೈಬಿಡುವುದೆಂದು ತಿಳಿದಾಗ ಪಂಪನ್ನು ನಿಲ್ಲಿಸುವುದಕ್ಕೆ ಬೇರೆ ಉಪದೇಶವು ಬೇಕಾಗುವುದಿಲ್ಲ. ಕರ್ನಾಟಕದಲ್ಲಿಯೂ ೨೦೧೪ರ ಸೂರ್ಯರೈತ ಯೋಜನೆಯು ಇದೇ ತತ್ತ್ವದ ಮೇಲೆ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸುತ್ತಿನಲ್ಲಿ ಆರಂಭವಾಯಿತು. ಮಾರುವ ಏರ್ಪಾಡಿಲ್ಲದ ಕಡೆಯಲ್ಲಿ ಹನಿ ನೀರಾವರಿಯನ್ನು ಸೌರಪಂಪಿನ ಜೊತೆಯಲ್ಲಿಯೇ ಹಾಕಿಕೊಳ್ಳುವುದು ಯುಕ್ತ.

ಜಮೀನನ್ನು ಗುತ್ತಿಗೆಗೆ ಕೊಡುವುದು: ಪಾವಗಡದ ಅನುಭವ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದುದು. ಅಲ್ಲಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಜಮೀನಿನಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನವು ನಿರ್ಮಾಣವಾಗಿದೆ. ಇದಕ್ಕಾಗಿ ೨೦೧೫ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಸಂಸ್ಥೆಗಳೆರಡರ ಪಾಲುದಾರಿಕೆಯಲ್ಲಿ ಒಂದು ನಿಗಮವು ಸ್ಥಾಪಿತವಾಗಿ, ೨೦೧೮ರ ಮಾರ್ಚಿಯಲ್ಲಿ ಮೊದಲ ಭಾಗವು ಉದ್ಘಾಟನೆಗೊಂಡು, ೨೦೧೯ರ ಕೊನೆಗೆ ಕೆಲಸವು ಪೂರ್ಣವಾಯಿತು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಗಳಿಗೊಮ್ಮೆ ಶೇಕಡ ೫ ಏರಿಕೆಯೊಂದಿಗೆ ದೀರ್ಘಕಾಲದ ಗುತ್ತಿಗೆಗೆ ಪಡೆದುದು ಇದರ ವಿಶೇಷ. ಒಡೆತನವು ರೈತನಲ್ಲಿಯೇ ಉಳಿಯಿತು. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬರಿಗೈ ಎಂಬಂತಿದ್ದ ಜಮೀನುದಾರನಿಗೆ ಪ್ರತಿ ವರ್ಷವೂ ಖಂಡಿತವಾದ ಹಣ ಬರತೊಡಗಿದುದು ಸಣ್ಣ ಮಾತಲ್ಲ.

ಆದರೂ ಈ ಏರಿಕೆಯ ಲೆಕ್ಕವನ್ನು ಪರಿಶೀಲಿಸುವುದು ಅವಶ್ಯ. ಹನ್ನೆರಡು ಏರಿಕೆಗಳಾದ ಬಳಿಕ, ಎಂದರೆ ೨೫ನೆಯ ವರ್ಷದಲ್ಲಿ, ೨೧,೦೦೦ ರೂಪಾಯಿಯು ಸುಮಾರು ೩೭,೭೦೦ ಆಗುವುದು. ಅಷ್ಟರಲ್ಲಿ ಪದಾರ್ಥಗಳ ಬೆಲೆಯು ವರ್ಷಕ್ಕೆ ಶೇಕಡ ೫ರಂತೆ ಏರಿದರೆ, ಅಂದಿನ ೩೭,೭೦೦ ರೂಪಾಯಿಗೆ ಕೊಳ್ಳಬಹುದಾದುದು ಮೊದಲ ವರ್ಷದ ೧೧,೭೦೦ ರೂಪಾಯಿಯ ಸಾಮಗ್ರಿ ಮಾತ್ರ. ಎಣಿಕೆಯಲ್ಲಿ ಹಣವು ಬೆಳೆದರೂ ಬಾಳಿನಲ್ಲಿ ಅದು ಅರ್ಧಕ್ಕೆ ಸಮೀಪ ಇಳಿಯುವುದು. ಆದುದರಿಂದ ಮುಂದೆ ಗುತ್ತಿಗೆಗೆ ಕೊಡುವವರು ವಾರ್ಷಿಕ ಏರಿಕೆಯನ್ನಾಗಲಿ, ಬೆಲೆಗಳ ಏರಿಕೆಗೆ ಹೊಂದಿಕೊಂಡ ಗುತ್ತಿಗೆಯನ್ನಾಗಲಿ ಕೇಳುವುದು ನ್ಯಾಯವಾದುದು.

ಪಾವಗಡದ ಇನ್ನೊಂದು ಪಾಠವು ಭೂಮಿಯಿಲ್ಲದವರದ್ದು. ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರುಳ್ಳವನಿಗೆ ಸಲ್ಲುತ್ತದೆ. ಆ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಜೀವಿಸುತ್ತಿದ್ದ ಕೂಲಿಯವರಿಗೂ, ಕೊಯ್ಲಾದ ಮೇಲೆ ಅದರಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು ಮೊದಲಾದ ಕೆಲಸಗಳು ಕೆಲವರಿಗೆ ದೊರೆತರೂ, ಹೊಲಗೆಲಸವು ಹಿಡಿಯುತ್ತಿದ್ದಷ್ಟು ಕೈಗಳನ್ನು ಅವು ಹಿಡಿಯಲಾರವು. ಗ್ರಾಮದ ಮುಖಂಡರು ಒಪ್ಪಂದಕ್ಕೆ ಮುನ್ನವೇ ಈ ವಿಷಯವನ್ನು ಎತ್ತಿ, ಕೆಲಸಗಳಲ್ಲಿ ಸ್ಥಳೀಯ ನಿರ್ಭೂಮಿಕರಿಗೆ ಮೊದಲ ಹಕ್ಕನ್ನೂ, ಫಲಕಗಳ ನಡುವೆ ಕುರಿ ಮೇಯಿಸುವುದಕ್ಕೆ ಅವಕಾಶವನ್ನೂ ಬರೆಯಿಸಿಕೊಳ್ಳತಕ್ಕದ್ದು. ಫಲಕಗಳ ಕೆಳಗೆ ಕುರಿಗಳಿಂದಲೇ ಹುಲ್ಲು ಮೇಯಿಸುವ ಪದ್ಧತಿಯು ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಬಳಕೆಯಲ್ಲಿದೆ. ಕೊಯ್ಲಿನ ಖರ್ಚು ಉಳಿಯುವುದರಿಂದ ಕಂಪನಿಗೂ ಅದು ನಷ್ಟವಲ್ಲ.

ತಾನೇ ಬಂಡವಾಳ ಹೂಡುವುದು

ಕುಸುಮ್ ಯೋಜನೆಯ ಮೊದಲ ಭಾಗವು, ವಿದ್ಯುತ್ ಉಪಕೇಂದ್ರಕ್ಕೆ ಸುಮಾರು ೫ ಕಿಲೋಮೀಟರಿನೊಳಗಿನ ಬರಡು ಜಮೀನಿನಲ್ಲಿ ಅರ್ಧ ಮೆಗಾವಾಟಿನಿಂದ ೨ ಮೆಗಾವಾಟಿನವರೆಗಿನ ಸ್ಥಾವರಗಳನ್ನು ರೈತರು ಒಬ್ಬೊಬ್ಬರಾಗಿ ಅಥವಾ ಸಂಘವಾಗಿ ಸ್ಥಾಪಿಸುವುದಕ್ಕೆ ಏರ್ಪಟ್ಟಿತು. ಒಂದು ಮೆಗಾವಾಟಿಗೆ ಬೇಕಾದ ಜಮೀನು ನಾಲ್ಕರಿಂದ ಐದು ಎಕರೆ. ಫಲಕಗಳು ಮುಚ್ಚುವ ಸ್ಥಳವು ಒಂದೂಕಾಲು ಎಕರೆಯಷ್ಟೇ. ಮಿಕ್ಕುದು ಒಂದು ಸಾಲಿನ ನೆರಳು ಮತ್ತೊಂದರ ಮೇಲೆ ಬೀಳದಂತೆ ಬಿಡುವ ಅಂತರಕ್ಕೂ ದಾರಿಗಳಿಗೂ ಬೇಕಾಗುವುದು.

ದೃಷ್ಟಾಂತಕ್ಕಾಗಿ, ಒಂದು ಮೆಗಾವಾಟಿನ ಸ್ಥಾವರಕ್ಕೆ ೪ ಕೋಟಿ ರೂಪಾಯಿ ಖರ್ಚಾಗಿ, ವರ್ಷಕ್ಕೆ ೧೫ ಲಕ್ಷ ಯೂನಿಟ್ ಹುಟ್ಟಿ, ಯೂನಿಟ್ಟಿಗೆ ೩ ರೂಪಾಯಿ ದೊರೆಯುವುದೆಂದು ಭಾವಿಸಬಹುದು. ಆದಾಯ ೪೫ ಲಕ್ಷ. ಸಂರಕ್ಷಣೆ, ವಿಮೆ, ಕಾವಲುಗಳಿಗೆ ೪ ಲಕ್ಷ. ಉಳಿದುದು ೪೧ ಲಕ್ಷ. ಸಾಲವಿಲ್ಲದೆ ಹೂಡಿದವನಿಗೆ ಮೂಲಧನವು ಸುಮಾರು ಹತ್ತು ವರ್ಷಗಳಲ್ಲಿ ಹಿಂದಿರುಗಿ, ಮುಂದಿನ ಹದಿನೈದು ವರ್ಷಗಳ ಉತ್ಪತ್ತಿಯು ಲಾಭವಾಗುವುದು.

ಸಾಲ ಮಾಡಿದವನ ಸ್ಥಿತಿಯು ಬೇರೆ. ೧ ಕೋಟಿ ೨೦ ಲಕ್ಷ ಸ್ವಂತದ್ದು, ೨ ಕೋಟಿ ೮೦ ಲಕ್ಷ ಶೇಕಡ ೯ರ ಬಡ್ಡಿಯ ಸಾಲ ಎಂದಾದರೆ, ಮೊದಲ ವರ್ಷದ ಬಡ್ಡಿಯೇ ೨೫ ಲಕ್ಷ ೨೦ ಸಾವಿರ. ಹನ್ನೆರಡು ವರ್ಷಗಳ ಸಮ ಕಂತಿನಲ್ಲಿ ಅಸಲು ವರ್ಷಕ್ಕೆ ೨೩ ಲಕ್ಷದ ಮೇಲೆ. ಎರಡೂ ಕೂಡಿ ೪೮ ಲಕ್ಷ ೫೦ ಸಾವಿರವಾಗಿ, ಕೈಯಿಂದ ಏಳೂವರೆ ಲಕ್ಷ ಹಾಕಬೇಕಾಗುವುದು; ಕೊರತೆಯು ವರ್ಷ ವರ್ಷಕ್ಕೆ ಇಳಿಯುತ್ತ ನಾಲ್ಕು ವರ್ಷಗಳವರೆಗೆ ಮುಂದುವರಿಯುವುದು. ಅದೇ ಸಾಲವನ್ನು ಹದಿನೆಂಟು ವರ್ಷಗಳಿಗೆ ಪಡೆದರೆ ಮೊದಲ ವರ್ಷದ ಹೊರೆಯು ೪೦ ಲಕ್ಷ ೮೦ ಸಾವಿರವಾಗಿ, ಆದಾಯಕ್ಕೂ ಖರ್ಚಿಗೂ ಸರಿಹೋಗುವುದು. ಹೀಗೆ ಒಂದೇ ಜಮೀನು, ಒಂದೇ ಬಿಸಿಲು, ಒಂದೇ ಬೆಲೆಯಿದ್ದರೂ ಸಾಲದ ಅವಧಿಯೊಂದರಿಂದಲೇ ಉದ್ಯಮವು ನಿಲ್ಲುವುದು ಅಥವಾ ಬೀಳುವುದು. ಜಮೀನನ್ನೇ ಅಡವಿಟ್ಟು ಸಾಲ ಪಡೆಯುವವನು ಈ ಅಂಶವನ್ನು ಎರಡು ಸಲ ನೋಡತಕ್ಕದ್ದು. ವಿದ್ಯುತ್ ಕಂಪನಿಯು ಹಣವನ್ನು ತಡವಾಗಿ ಪಾವತಿ ಮಾಡಿದರೂ ಬ್ಯಾಂಕಿನ ಕಂತು ಕಾಯುವುದಿಲ್ಲವಾದುದರಿಂದ, ಕನಿಷ್ಠ ಆರು ತಿಂಗಳ ಕಂತಿನ ಹಣವನ್ನು ಮೀಸಲಾಗಿಟ್ಟುಕೊಳ್ಳುವುದು ಕ್ಷೇಮ.

ಬೆಳೆ ಮತ್ತು ಬಿಸಿಲು ಒಂದೇ ಹೊಲದಲ್ಲಿ

ಒಳ್ಳೆಯ ನೀರಾವರಿ ಭೂಮಿಗೆ ಫಲಕ ಹಾಸುವುದು ಅವಿವೇಕವೇ ಸರಿ. ಆದರೆ ಬೆಳೆಯನ್ನು ಬಿಡದೆಯೇ ಎರಡನ್ನೂ ಪಡೆಯುವ ಪ್ರಯೋಗಗಳು ನಡೆದಿವೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಲ್ಲಿ ಸುಮಾರು ೧೦೦ ಕಿಲೋವಾಟಿನ ಫಲಕಗಳ ಸಾಲುಗಳ ನಡುವೆ ಹೆಸರು, ಮಡಿಕೆ, ಜೀರಿಗೆ ಮೊದಲಾದ ಗಿಡ್ಡ ಬೆಳೆಗಳನ್ನು ಬೆಳೆಯಲಾಗಿದೆ. ಫಲಕಗಳ ಮೇಲೆ ಬಿದ್ದ ಮಳೆನೀರನ್ನು ಸಂಗ್ರಹಿಸಿ, ಅದನ್ನೇ ಫಲಕ ತೊಳೆಯುವುದಕ್ಕೂ ಬೆಳೆಗೂ ಬಳಸಲಾಗಿದೆ. ಜಪಾನಿನಲ್ಲಿ ೨೦೧೩ರಿಂದ ಎತ್ತರದ ಕಂಬಗಳ ಮೇಲೆ ಫಲಕಗಳನ್ನಿರಿಸಿ, ಕೆಳಗೆ ಸಾಗುವಳಿ ನಡೆಯಬೇಕೆಂಬ ನಿಬಂಧನೆಯೊಂದಿಗೆ ಅನುಮತಿ ಕೊಡಲಾಗುತ್ತಿದೆ. ಎತ್ತರದ ಕಂಬಗಳಿಗೆ ಖರ್ಚು ಹೆಚ್ಚು. ಎತ್ತು ಅಥವಾ ಟ್ರಾಕ್ಟರು ತಿರುಗುವಷ್ಟು ಅಂತರವನ್ನು ಬಿಡಬೇಕು. ನೆರಳನ್ನು ಸಹಿಸುವ ಸೊಪ್ಪು, ಶುಂಠಿ, ಅರಿಶಿನಗಳಂತಹವು ಇದಕ್ಕೆ ಹೊಂದುವುವು. ರಾಗಿ, ಜೋಳಗಳು ಹೊಂದುವುದಿಲ್ಲ.

ಒಪ್ಪಂದಕ್ಕೆ ಮುನ್ನ ಗಮನಿಸತಕ್ಕ ಅಂಶಗಳು

೧. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ೧೯೦೮ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಣಿಯಾಗತಕ್ಕದ್ದು. ಬಾಯಿಮಾತಿಗೂ ಬರಿಯ ಕಾಗದಕ್ಕೂ ಬೆಲೆಯಿಲ್ಲ.

೨. ಪಹಣಿ, ಖಾತೆ, ಪೋಡಿ, ಅಣ್ಣತಮ್ಮಂದಿರ ಪಾಲುಗಳು ಮೊದಲೇ ಇತ್ಯರ್ಥವಾಗಿರಬೇಕು. ವಿವಾದವುಳ್ಳ ಜಮೀನಿನ ಗುತ್ತಿಗೆಯ ಹಣವು ನ್ಯಾಯಾಲಯದಲ್ಲಿ ನಿಲ್ಲುವುದು.

೩. ವ್ಯವಸಾಯೇತರ ಬಳಕೆಗೆ ಸಂಬಂಧಿಸಿದ ಕಂದಾಯದ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಿರುವುದರಿಂದ, ಅಂದಂದಿನ ಸ್ಥಿತಿಯನ್ನು ತಾಲ್ಲೂಕು ಕಚೇರಿಯಲ್ಲಿ ತಿಳಿದುಕೊಳ್ಳತಕ್ಕದ್ದು.

೪. ಕಂಪನಿಯು ಜಮೀನನ್ನು ಬೇರೆಯವರಿಗೆ ಅಡವಿಡುವ ಅಥವಾ ವರ್ಗಾಯಿಸುವ ಹಕ್ಕು ಎಷ್ಟು, ದಿವಾಳಿಯಾದರೆ ಜಮೀನಿನ ಗತಿಯೇನು ಎಂಬುದು ಸ್ಪಷ್ಟವಾಗಿ ಬರೆದಿರಬೇಕು.

೫. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು, ಒಡೆದ ಫಲಕಗಳನ್ನು ತೆಗೆದು ಜಮೀನನ್ನು ಉಳುವ ಸ್ಥಿತಿಗೆ ತರುವ ಖರ್ಚು ಯಾರದೆಂಬುದು ನಿಶ್ಚಯವಾಗಿ, ಅದಕ್ಕಾಗಿ ಠೇವಣಿಯು ಇರಬೇಕು.

೬. ಕೆರೆಗೆ ನೀರು ತರುವ ಹಳ್ಳ, ಕಾಲುವೆ, ಬಂಡಿಜಾಡು, ಗೋಮಾಳಗಳನ್ನು ಬೇಲಿಯೊಳಗೆ ಸೇರಿಸಗೊಡಬಾರದು. ಫಲಕ ತೊಳೆಯುವ ನೀರು ಎಲ್ಲಿಂದ ಬರುವುದೆಂಬುದನ್ನು ಗ್ರಾಮಸಭೆಯಲ್ಲಿ ಕೇಳಬೇಕು.

೭. ಕುಸುಮ್ ಯೋಜನೆಯ ಹೆಸರಿನಲ್ಲಿ ನೋಂದಣಿ ಶುಲ್ಕ ವಸೂಲು ಮಾಡುವ ವಂಚಕರ ಬಗ್ಗೆ ಕೇಂದ್ರ ಸರ್ಕಾರದ ಇಲಾಖೆಯೇ ಹಲವು ಸಲ ಎಚ್ಚರಿಕೆ ಕೊಟ್ಟಿದೆ. ಸಹಾಯಧನದ ಈಗಿನ ಪ್ರಮಾಣವನ್ನು ಸರ್ಕಾರಿ ಕಚೇರಿಯಲ್ಲಿ ವಿಚಾರಿಸದೆ ಯಾರ ಕೈಗೂ ಹಣ ಕೊಡಬಾರದು.

ಮೇಲ್ಕಂಡ ವಿಚಾರಗಳಿಂದ, ತನ್ನ ಬಾವಿಯಲ್ಲಿ ನೀರುಳ್ಳ ಸಣ್ಣ ಹಿಡುವಳಿದಾರನಿಗೆ ಸೌರಪಂಪೂ, ಬರಡು ಜಮೀನುಳ್ಳವನಿಗೆ ಎಚ್ಚರದ ಗುತ್ತಿಗೆಯೂ, ಉಪಕೇಂದ್ರದ ಸಮೀಪದಲ್ಲಿದ್ದು ಹತ್ತು ಮಂದಿ ಕೂಡಬಲ್ಲ ಗ್ರಾಮಕ್ಕೆ ಸಹಕಾರದ ಸ್ಥಾವರವೂ ತಕ್ಕವೆಂದು ವ್ಯಕ್ತವಾಗುವುದು. ಬೀಜವನ್ನು ಆರಿಸುವಾಗ ಕಾಳನ್ನು ಕೈಯಲ್ಲಿ ಹಿಡಿದು ನೋಡುವ ರೈತನು ಒಪ್ಪಂದದ ಪ್ರತಿಯೊಂದು ಷರತ್ತನ್ನೂ ಹಾಗೆಯೇ ನೋಡತಕ್ಕದ್ದು. ಬೀಜವು ತಪ್ಪಿದರೆ ಹೋಗುವುದು ಒಂದು ಹಂಗಾಮು. ಷರತ್ತು ತಪ್ಪಿದರೆ ಹೋಗುವುದು ಇಪ್ಪತ್ತೈದು ವರ್ಷ.